ಬೋಲೆಯೋ, ಭಲೇಯೋ

ಮಲೇಷ್ಯಾದ ಪುಚೊಂಗಿನ ನಮ್ಮ ಕನ್ನಡ ಸಂಘದ ಅಧ್ಯಕ್ಷಗಿರಿಗೆ ನಮ್ಮ ಗುಂಪಿನಿಂದ ಒಬ್ಬರೇ ನಿಲ್ಲಬೇಕಿತ್ತು: ಸುಧಾ, ಇಲ್ಲವೇ ಡಾಕ್ಟರ್ ರಾಯರು. ನಾನು ಸುಧಾ ಕಡೆ. ಹೆಂಡತಿ ತಟ್ಟಿದ ಒಬ್ಬಟ್ಟನ್ನು ತಾನೇ ತಟ್ಟಿದ್ದೆಂದು ಹಂಚುವ ಗಂಡಸಿಗೆ ಕುರ್ಚಿ ಯಾಕ್ರೀ?

ಸಂಘಕ್ಕೆ ಹಾಲ್ ಕೊಡುವ ಮಲಯ್ ಅಮ್ಮನಿಗೆ ಸುಧಾ ಫೋಟೋ ತೋರಿಸಿ, "ಹೆಂಗೆ?" ಅಂತ ಕೈಸನ್ನೆ ಮಾಡಿದೆ. "ಬೋಲೆ ಲಾ" ಅಂದರು. ನನ್ನ ಕಿವಿಗೆ ಭಲೇ! ಸಭೆಯಲ್ಲೇ ಸಾರಿಬಿಟ್ಟೆ, "ಹಾಲ್ ಓನರಮ್ಮನೇ ಭಲೇ ಅಂದವ್ರೆ!"

ರಾಯರ ಹೆಂಡತಿ ನಕ್ಕಳು. "ಅಜ್ಜಿ, ಮಲಯ್‌ನಲ್ಲಿ ಬೋಲೆ ಅಂದ್ರೆ 'ಆಗಬಹುದು' ಅಂತ ಅಷ್ಟೇ."

"ನಿನ್ ಗಂಡನ ಫೋಟೋಗೆ ಅಷ್ಟಾದ್ರೂ ಅನ್ನಿಸ್ಕೊಂಡು ಬಾರೇ!"

ಸಭೆ ಗೊಳ್ಳೆಂದಿತು. ಕೈ ಎತ್ತಿಸಿ ಎಣಿಸಿದಾಗ ಸುಧಾ ಗೆದ್ದಿದ್ದು ಒಂದೇ ಒಂದು ಕೈ ಹೆಚ್ಚಾಗಿ. ಆ ಕೈ ಯಾರದ್ದು ಅಂತೀರಿ? ರಾಯರ ಹೆಂಡತಿಯದೇ!

ಅವತ್ತು ಸಂಜೆ ರಾಯರು ಬೀದಿಯ ಮಾಮಕ್ ಹೋಟೆಲಲ್ಲಿ ಒಬ್ಬರಿಗಾಗುವಷ್ಟೇ ಊಟ ತಪಾವ್, ಅಂದ್ರೆ ಪಾರ್ಸೆಲ್, ಕಟ್ಟಿಸುತ್ತಿದ್ದರು. ನಾನೇನೂ ಇಣುಕಲಿಲ್ಲಪ್ಪ, ಕಣ್ಣಿಗೆ ಬಿತ್ತು.