ಅಲ್ಲಪ್ಪನವರ ಮನೆಯ ಮೂಲೆ

ನನ್ನ ಅಬ್ಬಾ ಅಖ್ತರ ಘೋಡಗೇರಿಯಲ್ಲಿ ನಲವತ್ತು ವರ್ಷದಿಂದ ಮನೆ ಕಟ್ಟುವ ಗೌಂಡಿ. ನಾನು ಅದೇ ಊರಲ್ಲಿ ಏಳನೆಯ ತರಗತಿಗೆ ಗಣಿತ ಕಲಿಸುತ್ತೇನೆ. ಸ್ವಲ್ಪ ತೆರೆದ ಕತ್ತರಿ ಲಘುಕೋನ, ಹಿಂದಕ್ಕೊರಗಿದ ಕುರ್ಚಿ ವಿಶಾಲಕೋನ, ಚಕ್ಕಡಿಯ ಗಾಲಿಗಳು ಬಿಟ್ಟ ಗುರುತು ಸಮಾಂತರ ರೇಖೆ ಎಂದು ಮಕ್ಕಳಿಗೆ ಹೇಳಿದ್ದೆ. ಲಂಬಕೋನಕ್ಕೆ ಅಬ್ಬಾ ಕಟ್ಟಿದ ಮೂಲೆಗಿಂತ ಒಳ್ಳೆಯ ಉದಾಹರಣೆ ಬೇಕೆ? ಎಲ್ಲರನ್ನೂ ಅಬ್ಬಾ ಇನ್ನೂ ಕೆಲಸ ಮಾಡುತ್ತಿದ್ದ ಅಲ್ಲಪ್ಪನವರ ಹೊಸ ಮನೆಗೆ ಕರೆದೊಯ್ದೆ.

ಮಾಯಾ ಎಂಬ ಹುಡುಗಿ ಲಂಬಕೋನ ನೋಡಲು ಅಬ್ಬಾ ಬಳಸುವ ಎರಡು ತೋಳಿನ ಮೂಲೆಮಟ್ಟವನ್ನು ಮುಂದಿನ ಕೋಣೆಯ ಮೂಲೆಗೆ ಹಿಡಿದಳು. ಅದರ ಒಂದು ತೋಳು ಗೋಡೆಗೆ ಅಂಟಿತು. ಇನ್ನೊಂದರ ತುದಿಗೂ ಗೋಡೆಗೂ ನಡುವೆ ಅವಳ ಬೆರಳು ತೂರಿತು.

"ಟೀಚರ್, ಇದು ವಿಶಾಲಕೋನ ಐತ್ರಿ."

ಮೊದಲು ಸಿಟ್ಟು ಬಂದದ್ದು ಅಬ್ಬಾನ ಮೇಲೆಯೇ.

ಕಟ್ಟೆಯ ಮೇಲೆ ಕೂತಿದ್ದ ಅಲ್ಲಪ್ಪನವರು ಎದ್ದು ಬಂದರು. "ಏನ್ರಿ ಗೌಂಡಿಯವರ, ನನ್ನ ಮನಿ ಸೊಟ್ಟ ಕಟ್ಟೀರೇನು?"

ಅಬ್ಬಾ ಕೈಗೆ ಹತ್ತಿದ ಸಿಮೆಂಟು ಒರೆಸಿಕೊಂಡರು. "ಶಾಸ್ತ್ರದ ಪ್ರಕಾರ ಮನಿ ಗೋಮುಖ ಆಗಬೇಕು, ಮುಂದಿನಕಿಂತ ಹಿಂದ ಒಂದ ಗೇಣು ಅಗಲ ಇರಲಿ ಅಂತ ಹಟ ಹಿಡದವರು ಯಾರ್ರಿ? ಮೂಲಿ ಸೊಟ್ಟ ಆಕ್ಕಾವಂತ ಅವತ್ತ ಹೇಳಿದ್ನಿ. ಕಟ್ಟೋದಷ್ಟ ನಿನ್ನ ಕೆಲಸ ಅಂದ್ರಿ."

ಅಲ್ಲಪ್ಪನವರ ಮುಖ ಕೆಂಪೇರಿತು.

ಅಬ್ಬಾ ಮಾಯಾಳತ್ತ ತಿರುಗಿದರು. "ಹಿತ್ತಲದಾಗ ಪಾಯಖಾನಿ ಐತಿ. ಅದರ ಮೂಲಿಗೆ ಹಿಡಿಯವ್ವಾ. ಅದಕ್ಕ ಯಾರೂ ಶಾಸ್ತ್ರ ಕೇಳಿಲ್ಲ."

ಅಲ್ಲಿ ಮೂಲೆಮಟ್ಟ ಕೂದಲೆಳೆಯೂ ತೂರದಂತೆ ಕೂತಿತು.