ಹವಳ ನೋಡಿ ಬಂದ ಮಾವ

ಬಾವಿಯ ಬಂಡೆ ಒಡೆಯಲು ತಂದಿದ್ದ ಸಿಡಿಮದ್ದಿನ ತೋಟೆಯ ಬತ್ತಿಗೆ ಮಾವ ಸಿಗರೇಟಿನ ಕಿಡಿ ತಾಗಿಸಿದಾಗ, ಕಳಸದ ಹತ್ತಿರ ಭದ್ರಾ ಹೊಳೆಯಲ್ಲಿ ನಾನು ಎದೆಮಟ್ಟದ ನೀರಿನಲ್ಲಿದ್ದೆ. ಬಾಳೂರಿನಲ್ಲಿ ಎಸ್ಟೇಟ್ ಇರುವ ಮಾವ ಆಗಷ್ಟೇ ಅಂಡಮಾನಿಗೆ ಹೋಗಿ, ರೋಲ್ ಮುಗಿಯುವವರೆಗೂ ಹವಳದ ದಿಬ್ಬಗಳ ಫೋಟೊ ತೆಗೆದು ಬಂದಿದ್ದರು. ಜೀಪಿನಲ್ಲಿ ಹೊಳೆಗೆ ಬರುವಾಗಲೂ ಅದೇ ಮಾತು. "ಕೆಲವು ಕಡೆ ಸಮುದ್ರಕ್ಕೆ ಮದ್ದು ಹಾಕಿ ಮೀನು ಹಿಡೀತಾರಂತೆ ಮಾರಾಯ. ಹವಳ ಎಲ್ಲ ಪುಡಿಪುಡಿ. ಮನುಷ್ಯರಾ ಅವ್ರು?"

"ಮಾವ, ನಾನಿಲ್ಲೇ ಇದೀನಿ" ಎಂದು ಅರಚಿದೆ.

"ಕೂಗ್ಬೇಡ, ಮೀನು ಹೆದರ್ತವೆ. ಬೇಗ ಮೇಲೆ ಹತ್ತು" ಎಂದವರೇ ತೋಟೆ ಎಸೆದರು.

ಬಂಡೆಗೆ ಅಂಗೈ ತರಚಿಕೊಂಡು ಹತ್ತಿದೆ. ಕಾಲು ಇನ್ನೂ ನೀರಿನಲ್ಲಿದ್ದಾಗಲೇ ಹೊಳೆ ಸಿಡಿಯಿತು. ಮೊಣಕಾಲಿನ ಕೆಳಗೆ ಯಾರೋ ದೊಣ್ಣೆಯಿಂದ ಬಾರಿಸಿದಂತಾಯಿತು. ಬೆರಳುದ್ದದ ಮರಿಗಳೂ ಸೇರಿ ಮೀನುಗಳು ಹೊಟ್ಟೆ ಮೇಲಾಗಿ ತೇಲಿದವು. ಕಾಲು ಉಜ್ಜಿಕೊಳ್ಳುತ್ತ ಮಾವನಿಗೆ ಹವಳದ ಮಾತು ನೆನಪಿಸಿದೆ.

ಮಾವ ನಿಜಕ್ಕೂ ಅಚ್ಚರಿಪಟ್ಟರು. "ಇಲ್ಲಿ ಹವಳ ಎಲ್ಲಿದೆಯೋ?"

ಈಗಲೂ ಹೊಳೆಗೆ ಇಳಿಯುವ ಮುನ್ನ ದಡದಲ್ಲಿ ನಿಂತವರ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳುತ್ತೇನೆ. ಅವರು ಪರಿಸರ ಉಳಿಸುವ ಮಾತಾಡುತ್ತಿದ್ದರೆ ಇಳಿಯುವುದೇ ಇಲ್ಲ.