ಹಾರ್ನಿಗೆ ಓಡಿ ಬರುವ ದನಗಳು

ಕತಾರಿನಲ್ಲಿ ಹಸಿರು ಕಾಣಬೇಕಾದರೆ ಚಳಿಗಾಲವೇ ಬರಬೇಕು. ಎರಡು ಮಳೆ ಬಿದ್ದರೆ ನಮ್ಮ ಧಣಿ ಅರ್ಬಾಬ್ ಬೇಲಿ ಹಾಕಿಸಿದ್ದ ತಗ್ಗಿನಲ್ಲಿ ಮರಳಿನ ನಡುವೆ ಅಷ್ಟಿಷ್ಟು ಹುಲ್ಲು ಚಿಗುರುತ್ತಿತ್ತು. ಆ ಹುಲ್ಲನ್ನು ನಂಬಿ ಅವರು ಮಾಂಸದ ದನ ಸಾಕಿದರು. ಅವರನ್ನು ನಂಬಿ ನಾನು ಅವರ ಆಫೀಸಿನಲ್ಲಿ ಗುಮಾಸ್ತನಾಗಿದ್ದೆ.

ದನಗಳಿಗೆ ಅಷ್ಟು ನಂಬಿಕೆ ಇರಲಿಲ್ಲ. ಹುಲ್ಲನ್ನು ಮೂಸಿ, ಮುಖ ತಿರುಗಿಸಿ, ರಸ್ತೆ ನೋಡುತ್ತಾ ನಿಲ್ಲುತ್ತಿದ್ದವು. ಅಷ್ಟರಿಂದ ಮೈ ತುಂಬುವುದಿಲ್ಲವೆಂದು ದನದ ಡಾಕ್ಟರು ಹೇಳಿದ್ದರಿಂದ ಪಿಕಪ್‌ನಲ್ಲಿ ಹಿಂಡಿಯ ಮೂಟೆಗಳು ಹೋಗುತ್ತಿದ್ದವು. ಡ್ರೈವರ್ ಕಾರ್ಕಳದ ಕಡೆಯವನು. ಗೇಟಿನಲ್ಲಿ ಉದ್ದಕ್ಕೆ ಹಾರ್ನ್ ಹೊಡೆದರೆ ಸಾಕು, ದೂರದ ಮೂಲೆಯ ದನವೂ ಬಾಲ ಎತ್ತಿ ಓಡಿ ಬರುತ್ತಿತ್ತು. ಊರಿನಲ್ಲಿ ಅಮ್ಮ ದನಗಳಿಗೆ ಅಕ್ಕಿ ತೊಳೆದ ಅಕ್ಕಚ್ಚು ಕೊಡುವಾಗ ಹೆಸರು ಹಿಡಿದು ಕರೆಯುತ್ತಿದ್ದಳು. ಇಲ್ಲಿ ಒಂದಕ್ಕೂ ಹೆಸರಿಟ್ಟಿರಲಿಲ್ಲ.

ಒಂದು ಹೋಟೆಲಿಗೆ ಹಿಂಡಿ ಮುಟ್ಟದೆ ಬಯಲು ಹುಲ್ಲನ್ನಷ್ಟೇ ಮೇಯ್ದ ದನದ ಮಾಂಸವೇ ಬೇಕಾಗಿತ್ತು. ಅರ್ಬಾಬ್ ನಮ್ಮಿಬ್ಬರನ್ನೂ ಕರೆದು, ಅವರು ಒಪ್ಪದಿದ್ದರೆ ಫಾರ್ಮ್ ಖಲಾಸ್, ನೀವೂ ಖಲಾಸ್ ಎಂದರು. ಹಿಂಡಿಯ ಮೂಟೆಗಳ ಮೇಲೆ ಟಾರ್ಪಾಲು ಎಳೆದೆವು.

ಹೋಟೆಲಿನ ಮುಖ್ಯ ಬಾಣಸಿಗರು ಬಂದ ದಿನ ಗೇಟು ತೆರೆಯಲು ಸ್ವಲ್ಪ ತಡವಾಯಿತು. ಅವರ ಕಾರಿನವನು ಹಾರ್ನ್ ಹೊಡೆದ. ಇಡೀ ಹಿಂಡು ಧೂಳೆಬ್ಬಿಸಿ ಬಂದು ಕಾರನ್ನು ಮುತ್ತಿತು.

"ಮುಗೀತು ಮಾರಾಯ್ರೆ, ಇನ್ನು ನಮ್ಗೆ ಊರಿನ ಟಿಕೆಟೇ," ಎಂದ ಡ್ರೈವರ್.

ಬಾಣಸಿಗರು ಮಾತ್ರ ಕಿಟಕಿ ಇಳಿಸಿ, ಒಂದರ ಹಣೆ ಸವರಿ, ಬಯಲಿನಲ್ಲಿ ಬೆಳೆದ ದನಕ್ಕೆ ಮನುಷ್ಯರ ಮೇಲೆ ಎಷ್ಟು ಪ್ರೀತಿ ಎಂದು ಕರಗಿಹೋದರು. ಇಡೀ ಹಿಂಡನ್ನು ಅಲ್ಲೇ ಗೊತ್ತುಮಾಡಿದರು. ಅಷ್ಟು ಪ್ರೀತಿ ಹುಟ್ಟಿದ ಮೇಲೆ ತಿನ್ನದೆ ಬಿಡುವುದಾದರೂ ಹೇಗೆ! ಅರ್ಬಾಬ್ ಖುಷಿಯಿಂದ ಹೊಸ ಹಿಂಡು ತರಿಸಲು ಹೇಳಿದರು. ನಮ್ಮ ಕೆಲಸ ಉಳಿಯಿತು.

ಮುಂದಿನ ವಾರ ಕಸಾಯಿಖಾನೆಯ ಲಾರಿ ಬಂತು. ಹಗ್ಗ, ಕೋಲು ಹಿಡಿದು ಜನ ತಯಾರಾಗಿದ್ದರು. "ಯಲ್ಲಾ, ಹಾರ್ನ್!" ಎಂದು ಅವಸರಪಡಿಸಿದರು ಅರ್ಬಾಬ್. ಡ್ರೈವರ್ ಪಿಕಪ್‌ನಲ್ಲಿ ಕೂತು ನನ್ನ ಮುಖ ನೋಡಿದ.

"ಹೊಡಿ ಮಾರಾಯ, ಎಂತ ಮಾಡುದು," ಎಂದೆ.

ಹಗ್ಗ ಬೇಕಾಗಲಿಲ್ಲ. ನಾ ಮುಂದು ತಾ ಮುಂದು ಎಂದು ಅವು ಲಾರಿಯ ಹಲಗೆ ಹತ್ತಿದವು. ನನಗೆ ಅಳು ಬಂತು. ಸಂಬಳ ನಿಲ್ಲುವುದಿಲ್ಲವೆಂಬ ಸಮಾಧಾನವೂ ಅದರ ಜೊತೆಗೇ ಬಂತು.

ಮರುದಿನ ಬೆಳಿಗ್ಗೆ ಅಲ್ ಸದ್ದ್ ಬಡಾವಣೆಯ ನಮ್ಮ ಫ್ಲಾಟಿನ ಕೆಳಗೆ ಕಂಪನಿಯ ವ್ಯಾನ್ ಬಂದು ಉದ್ದಕ್ಕೆ ಹಾರ್ನ್ ಹೊಡೆಯಿತು. ಹೆಂಡತಿ ಇನ್ನೊಂದು ನೀರುದೋಸೆ ಹಾಕುತ್ತಿದ್ದಳು. ತಟ್ಟೆ ಬಿಟ್ಟು ಓಡಿದೆ.